ನನ್ನ ಟಿಇಟಿ ಕೋರ್ಸ್ 99 ರೂಪಾಯಿಗೆ ಮಾರಾಟವಾಗುತ್ತಿದೆ, ಏನು ಮಾಡಲಿ?

ಸಪ್ತಾಪುರ ಟೀಚರ್
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ದೊಡ್ಡ ಸಂಸ್ಥೆ ಅಲ್ಲ. ನಾನು, ಒಂದು ಲ್ಯಾಪ್‌ಟಾಪ್, ಒಂದು ಮೈಕ್. ಎರಡು ವರ್ಷ ರಾತ್ರಿ ಕೂತು 84 ವಿಡಿಯೋ ಮಾಡಿದೆ. ಮೈಕಿನಲ್ಲಿ ಸದ್ದು ಬರುತ್ತದೆ ಅಂತ ಏಪ್ರಿಲ್ ಸೆಖೆಯಲ್ಲೂ ಫ್ಯಾನ್ ಆರಿಸಿ ಪಾಠ ಮಾಡಿದ್ದೇನೆ. ಜೊತೆಗೆ 310 ಪುಟದ ನೋಟ್ಸ್. ಎಲ್ಲ ಸೇರಿ ಫೀ 1,499 ರೂಪಾಯಿ.

ಮೊನ್ನೆ ವಿದ್ಯಾರ್ಥಿನಿಯೊಬ್ಬಳು ಸ್ಕ್ರೀನ್‌ಶಾಟ್ ಕಳಿಸಿದಳು. ಒಂದು ಮೆಸೇಜಿಂಗ್ ಆ್ಯಪ್‌ನ ಚಾನೆಲ್‌ನಲ್ಲಿ ನನ್ನ ಪೂರ್ತಿ ಕೋರ್ಸ್ 99 ರೂಪಾಯಿಗೆ ಸಿಗುತ್ತಿದೆ. ನನ್ನ ದನಿ, ನನ್ನ ಕೈಬರಹ, ಹಿಂದಿನ ಗೋಡೆಯ ಮೇಲಿನ ನಮ್ಮ ಮನೆ ಕ್ಯಾಲೆಂಡರ್ ಕೂಡ ಅದರಲ್ಲಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ವಿಡಿಯೋಗಳನ್ನು ಯೂಟ್ಯೂಬಿನಲ್ಲಿ ಅನ್‌ಲಿಸ್ಟೆಡ್ ಮಾಡಿ, ಫೀ ಕಟ್ಟಿದವರಿಗೆ ಮಾತ್ರ ಲಿಂಕ್ ಕೊಡುತ್ತಿದ್ದೆ. ಪಿಡಿಎಫ್‌ಗೆ ಪಾಸ್‌ವರ್ಡ್ ಇತ್ತು. ಎಲ್ಲಿ ತಪ್ಪಿದೆ? ಈಗ ಏನು ಮಾಡಬಹುದು? ತಿಳಿದವರು ಹೇಳಿ.

ಕೋಡ್ ಕಟ್ಟೆ
ಮೇಡಂ, ಓದಿ ಬೇಜಾರಾಯಿತು. ಅನ್‌ಲಿಸ್ಟೆಡ್ ಅಂದರೆ ಬೀಗ ಅಲ್ಲ. ಹುಡುಕಿದರೆ ಸಿಗುವುದಿಲ್ಲ, ಅಷ್ಟೇ. ಲಿಂಕ್ ಕೈಗೆ ಬಂದವರು ಯಾರು ಬೇಕಾದರೂ ನೋಡಬಹುದು, ಇನ್ನೊಬ್ಬರಿಗೆ ಕಳಿಸಬಹುದು. ಪಿಡಿಎಫ್ ಕತೆಯೂ ಅದೇ. ಪಾಸ್‌ವರ್ಡ್ ಗೊತ್ತಿದ್ದವರು ಒಮ್ಮೆ ತೆರೆದು ಹೊಸ ಪಿಡಿಎಫ್ ಆಗಿ ಪ್ರಿಂಟ್ ಕೊಟ್ಟರೆ ಮುಗಿಯಿತು, ಪಾಸ್‌ವರ್ಡ್ ಹೋಯಿತು.

ನಿಮಗೆ ಬೇಕಾಗಿರುವುದು ಡಿಆರ್‌ಎಂ, ಅಂದರೆ ನಕಲು ತಡೆಯುವ ಡಿಜಿಟಲ್ ಬೀಗ, ಇರುವ ವಿಡಿಯೋ ಹೋಸ್ಟಿಂಗ್. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ವೈಡ್‌ವೈನ್, ಐಫೋನ್‌ನಲ್ಲಿ ಆಪಲ್‌ನ ಫೇರ್‌ಪ್ಲೇ ಈ ಕೆಲಸ ಮಾಡುತ್ತವೆ. ವಿಡಿಯೋ ಬೀಗ ಹಾಕಿಕೊಂಡೇ ಫೋನಿಗೆ ಬರುತ್ತದೆ, ಬೀಗದ ಕೈ ಸರ್ವರ್‌ನಿಂದ ಬೇರೆಯಾಗಿ ಬರುತ್ತದೆ. ವೈಡ್‌ವೈನ್‌ನಲ್ಲಿ ಎಲ್1, ಎಲ್3 ಅಂತ ಮಟ್ಟಗಳಿವೆ. ಎಲ್1 ಇರುವ ಫೋನಿನಲ್ಲಿ ಬೀಗ ತೆಗೆಯುವ ಕೆಲಸ ಚಿಪ್‌ನ ಒಳಗಡೆಯೇ ನಡೆಯುತ್ತದೆ, ಹಾಗಾಗಿ ಸ್ಕ್ರೀನ್ ರೆಕಾರ್ಡ್ ಮಾಡಿದರೆ ಬರೀ ಕಪ್ಪು. ಎಲ್3 ಪೂರ್ತಿ ಸಾಫ್ಟ್‌ವೇರ್. ಅದನ್ನು ಮುರಿದವರಿದ್ದಾರೆ. ಕಂಪ್ಯೂಟರ್ ಬ್ರೌಸರ್‌ನಲ್ಲಿ ಹೆಚ್ಚಾಗಿ ಎಲ್3 ಇರುತ್ತದೆ. ತುಂಬ ಜನ ಕೋರ್ಸನ್ನು ಮೊಬೈಲ್ ಆ್ಯಪ್‌ನಲ್ಲಿ ಮಾತ್ರ ಕೊಡುವುದು ಇದಕ್ಕೇ.

ಮಲೆನಾಡ ಮಳೆ
ಪಕ್ಕದಲ್ಲಿ ಇನ್ನೊಂದು ಫೋನ್ ಹಿಡಿದು ಶೂಟ್ ಮಾಡಿದರೆ?

ಕೋಡ್ ಕಟ್ಟೆ
ಅದನ್ನು ತಡೆಯುವ ತಂತ್ರ ಯಾರ ಹತ್ತಿರವೂ ಇಲ್ಲ. ಅದಕ್ಕೇ ವಾಟರ್‌ಮಾರ್ಕ್ ಬೇಕು. ನೋಡುತ್ತಿರುವವರ ಫೋನ್ ನಂಬರ್ ವಿಡಿಯೋ ಮೇಲೆ ಅಲ್ಲಲ್ಲಿ ಮೂಡಿ ಮಾಯವಾಗುತ್ತಿರಬೇಕು. ಶೂಟ್ ಮಾಡಿದರೂ ಯಾರದ್ದು ಅಂತ ಗೊತ್ತಾಗುತ್ತದೆ. ಕದಿಯುವುದನ್ನು ತಡೆಯುವುದಕ್ಕಿಂತ ಕದ್ದವರು ಯಾರು ಅಂತ ತಿಳಿಯುವುದು ಸುಲಭ.

ಶಿರಸಿ ಪಿಯು ಮೇಷ್ಟ್ರು
ನನಗೂ ಹೀಗೆ ಆಗಿದೆ. ಲಾಕ್‌ಡೌನ್ ಹೊತ್ತಲ್ಲಿ ನಮ್ಮ ಕಾಲೇಜಿನ ಮಕ್ಕಳಿಗೆ ಅಂತ ಅರ್ಥಶಾಸ್ತ್ರದ ನೋಟ್ಸ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಮರುವರ್ಷ ಅದೇ ನೋಟ್ಸ್ ಬೇರೆ ಊರಿನ ಟ್ಯುಟೋರಿಯಲ್ ಒಂದರ ಹೆಸರು ಹೊತ್ತು ನನ್ನ ಅಕ್ಕನ ಮಗನ ಕೈಗೆ ಬಂತು. ಅವನು ಅದಕ್ಕೆ ದುಡ್ಡು ಕೊಟ್ಟಿದ್ದ! ನಾನು ಬಿಟ್ಟಿ ಕೊಟ್ಟಿದ್ದಕ್ಕೆ ಬೇಸರವಿಲ್ಲ. ನನ್ನ ಹೆಸರು ಅಳಿಸಿ ಮಕ್ಕಳ ಹತ್ತಿರ ದುಡ್ಡು ಕಿತ್ತದ್ದಕ್ಕೆ ಹೊಟ್ಟೆ ಉರಿಯಿತು.

ಬಳ್ಳಾರಿ ಹುಡುಗ
ಬೈಸಿಕೊಳ್ಳಲು ರೆಡಿ ಇದ್ದೇ ಬರೆಯುತ್ತಿದ್ದೇನೆ. ನಾನು ಅಂಥ ಚಾನೆಲ್‌ನಿಂದ ಕೋರ್ಸ್ ತೆಗೆದುಕೊಂಡಿದ್ದೇನೆ. ನಿಮ್ಮದಲ್ಲ ಮೇಡಂ, ಬೇರೆಯವರದ್ದು. ಅಪ್ಪ ಗಾರೆ ಕೆಲಸ ಮಾಡುತ್ತಾರೆ. ಪಿಜಿಗೆ, ಊಟಕ್ಕೆ, ಅರ್ಜಿ ಫೀಗೆ ಅಂತ ಕೊಟ್ಟು ಉಳಿಯುವುದು ಏನೂ ಇಲ್ಲ. ಒಂದು ಪರೀಕ್ಷೆಗೆ ನಾಲ್ಕು ವಿಷಯ, ನಾಲ್ಕು ಕೋರ್ಸ್. ಒಟ್ಟು ಎಷ್ಟಾಯಿತು ನೋಡಿ. ನಾನು ಮಾಡಿದ್ದು ಸರಿ ಅಂತ ಹೇಳುತ್ತಿಲ್ಲ. ನಮ್ಮಂಥವರು ಯಾಕೆ ಅಲ್ಲಿಗೆ ಹೋಗುತ್ತೇವೆ ಅಂತ ಹೇಳುತ್ತಿದ್ದೇನೆ.

ಗದಗ ಗೆಳೆಯ
ಫೋನಿಗೆ ತಿಂಗಳು ತಿಂಗಳು ರೀಚಾರ್ಜ್ ಮಾಡಿಸ್ತೀಯಲ್ಲ, ಅದಕ್ಕೆ ದುಡ್ಡಿದೆ ಅಲ್ವಾ?

ಬಳ್ಳಾರಿ ಹುಡುಗ
ರೀಚಾರ್ಜ್ ಇಲ್ಲದೆ ಬಿಟ್ಟಿ ಪಾಠ ಕೂಡ ನೋಡಲು ಆಗುವುದಿಲ್ಲ ಅಣ್ಣ.

ಸಪ್ತಾಪುರ ಟೀಚರ್
ಹುಡುಗನ ಮೇಲೆ ಸಿಟ್ಟು ಬೇಡ. ಅವನು ನಿಜ ಹೇಳಿದ್ದಾನೆ. ತಮ್ಮಾ, ನಿನ್ನಂಥವನು ಫೋನ್ ಮಾಡಿ ಕಷ್ಟ ಇದೆ ಅಂದಿದ್ದರೆ ನಾನು ಕಡಿಮೆ ಮಾಡುತ್ತಿದ್ದೆ. ನಾಲ್ಕೈದು ಜನರಿಗೆ ಬಿಟ್ಟಿ ಕೊಟ್ಟಿದ್ದೇನೆ ಕೂಡ. ನನಗೆ ಸಿಟ್ಟಿರುವುದು 99 ರೂಪಾಯಿ ಜೇಬಿಗೆ ಹಾಕಿಕೊಳ್ಳುವವನ ಮೇಲೆ.

ನಿವೃತ್ತ ಹೆಡ್‌ಮಾಸ್ಟರ್
ನನ್ನ ಮಾತು ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ವಿದ್ಯೆಗೆ ಬೀಗ ಯಾಕೆ? ಐಐಟಿ, ಐಐಎಸ್ಸಿಯವರ ಎನ್‌ಪಿಟೆಲ್ ಆನ್‌ಲೈನ್ ಪಾಠಗಳು ಎಲ್ಲರಿಗೂ ತೆರೆದಿವೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2001ರಲ್ಲೇ ತಮ್ಮ ಪಾಠದ ಸಾಮಗ್ರಿಯನ್ನು ಜಗತ್ತಿಗೆ ಬಿಡುತ್ತೇವೆ ಅಂದರು. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿತು. ನಮ್ಮ ರಾಜ್ಯದ ಪಠ್ಯಪುಸ್ತಕಗಳ ಪಿಡಿಎಫ್ ಕೂಡ ಬಿಟ್ಟಿ ಸಿಗುತ್ತವೆ. ಕನ್ನಡದಲ್ಲಿ ಒಳ್ಳೆಯ ಪಾಠಗಳೇ ಕಡಿಮೆ. ಇರುವುದಕ್ಕೂ ಬೀಗ ಹಾಕಿದರೆ ಹಳ್ಳಿ ಮಕ್ಕಳು ಎಲ್ಲಿಗೆ ಹೋಗಬೇಕು?

ಶಿರಸಿ ಪಿಯು ಮೇಷ್ಟ್ರು
ಸರ್, ನಿಮ್ಮ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಎನ್‌ಪಿಟೆಲ್‌ನಲ್ಲಿ ಪಾಠ ಮಾಡಿದವರಿಗೆ ಸಂಬಳ ಇದೆ, ಕ್ಯಾಮೆರಾ ಖರ್ಚು ಕೇಂದ್ರ ಸರ್ಕಾರದ್ದು. ನೀವು ಹೇಳಿದ ಎಲ್ಲದರ ಹಿಂದೆಯೂ ಸರ್ಕಾರವೋ ವಿಶ್ವವಿದ್ಯಾಲಯವೋ ಇದೆ. ಈ ಮೇಡಂ ಹಿಂದೆ ಯಾರಿದ್ದಾರೆ? ಬಿಟ್ಟಿ ಕೊಡುವುದು ಬರೆದವರ ಇಷ್ಟ. ಅದನ್ನು ಅವರ ಕೈಯಿಂದ ಕಿತ್ತುಕೊಂಡು ದಾನ ಅನ್ನುವುದು ಸರಿಯಲ್ಲ. ಮುಕ್ತ ಪರವಾನಗಿಯೂ ಕಾಪಿರೈಟ್ ಮೇಲೇ ನಿಂತಿದೆ. ನನ್ನದು ಅಂತ ಆದಮೇಲೆ ತಾನೇ ಎಲ್ಲರೂ ಬಳಸಿ ಅಂತ ಹೇಳಲು ಬರುವುದು?

ನಿವೃತ್ತ ಹೆಡ್‌ಮಾಸ್ಟರ್
ಕೊನೆಯ ಮಾತು ಒಪ್ಪಿದೆ. ಆದರೂ ಸರ್ಕಾರವೇ ಇಂಥ ಟೀಚರ್‌ಗಳಿಗೆ ದುಡ್ಡು ಕೊಟ್ಟು ಪಾಠ ಮಾಡಿಸಿ ಎಲ್ಲರಿಗೂ ಹಂಚಬೇಕು ಅನ್ನುವುದು ನನ್ನ ಆಸೆ. ಅದನ್ನು ಬಿಡುವುದಿಲ್ಲ.

ಝೆರಾಕ್ಸ್ ವಿಜಯನಗರ
ನಮ್ಮದು ಬೆಂಗಳೂರಿನ ವಿಜಯನಗರದಲ್ಲಿ ಝೆರಾಕ್ಸ್ ಅಂಗಡಿ. ಸುತ್ತ ಕೋಚಿಂಗ್ ಸೆಂಟರ್‌ಗಳು. ಹುಡುಗರು ಪಿಡಿಎಫ್ ವಾಟ್ಸಾಪ್ ಮಾಡಿ ಸ್ಪೈರಲ್ ಬೈಂಡಿಂಗ್ ಮಾಡಿಕೊಡಿ ಅಂತಾರೆ. ಯಾರ ನೋಟ್ಸ್ ಅಂತ ನಾವು ಹೇಗೆ ಕೇಳುವುದು? ದೆಹಲಿ ಕೇಸಲ್ಲಿ ಓದಲಿಕ್ಕೆ ಝೆರಾಕ್ಸ್ ಮಾಡಿದರೆ ತಪ್ಪಿಲ್ಲ ಅಂತ ಕೋರ್ಟೇ ಹೇಳಿದೆಯಲ್ಲ?

ಹುಬ್ಬಳ್ಳಿ ವಕೀಲ
ಈ ಕೇಸನ್ನು ಎಲ್ಲರೂ ಅರ್ಧ ಹೇಳುತ್ತಾರೆ. ಪೂರ್ತಿ ಕೇಳಿ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ಫೋಟೊಕಾಪಿ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ನಂಥ ಪ್ರಕಾಶಕರು ದಾವೆ ಹಾಕಿದರು. ಅಧ್ಯಾಪಕರು ಸಿಲಬಸ್‌ಗೆ ತಕ್ಕಂತೆ ಬೇರೆ ಬೇರೆ ಪುಸ್ತಕಗಳ ಭಾಗಗಳನ್ನು ಆರಿಸಿದ್ದರು. ಅಂಗಡಿಯವರು ಅವನ್ನು ಝೆರಾಕ್ಸ್ ಮಾಡಿ ಬೈಂಡ್ ಮಾಡಿ ಕೊಡುತ್ತಿದ್ದರು. 2016ರಲ್ಲಿ ದೆಹಲಿ ಹೈಕೋರ್ಟ್ ಪ್ರಕಾಶಕರ ವಾದ ಒಪ್ಪಲಿಲ್ಲ. ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಪಾಠ ಹೇಳುವಾಗ ಶಿಕ್ಷಕರು, ವಿದ್ಯಾರ್ಥಿಗಳು ಪ್ರತಿ ಮಾಡಿಕೊಳ್ಳಲು ಅವಕಾಶ ಇದೆ. ತೀರ್ಪು ನಿಂತಿರುವುದು ಅದರ ಮೇಲೆ.

ಇಲ್ಲಿ ಪಾಠವೂ ಇಲ್ಲ, ತರಗತಿಯೂ ಇಲ್ಲ. ಇನ್ನೊಬ್ಬರ ಇಡೀ ಕೋರ್ಸನ್ನು ಎತ್ತಿ ಮಾರುತ್ತಿದ್ದಾರೆ. ಆ ತೀರ್ಪು ಇವರ ನೆರವಿಗೆ ಬರುವುದಿಲ್ಲ.

ಮೇಡಂ, ನಿಮ್ಮ ವಿಷಯಕ್ಕೆ ಬರುತ್ತೇನೆ. ಕಾಪಿರೈಟ್ ನೀವು ಬರೆದ ಕ್ಷಣದಿಂದಲೇ ನಿಮ್ಮದು. ನೋಂದಣಿ ಕಡ್ಡಾಯ ಅಲ್ಲ. ಆದರೆ ಸಾಕ್ಷಿಗೆ ಒಳ್ಳೆಯದು, ನೋಟ್ಸ್‌ನಂಥ ಬರಹಕ್ಕೆ ಅರ್ಜಿ ಶುಲ್ಕ 500 ರೂಪಾಯಿ, ಮಾಡಿಸಿಬಿಡಿ. ಆಮೇಲೆ 2013ರ ಕಾಪಿರೈಟ್ ನಿಯಮಗಳ 75ನೇ ನಿಯಮ ಓದಿ. ಆ ಆ್ಯಪ್‌ನವರಿಗೆ ಬರಹದಲ್ಲಿ ದೂರು ಕೊಡಬೇಕು. ಕೃತಿ ಯಾವುದು, ನಿಮ್ಮದು ಅನ್ನಲು ಆಧಾರ ಏನು, ಕದ್ದ ಪ್ರತಿ ಯಾವ ಲಿಂಕ್‌ನಲ್ಲಿದೆ, ಇವೆಲ್ಲ ಅದರಲ್ಲಿರಬೇಕು. ಕೋರ್ಟಿಗೆ ಹೋಗುತ್ತೇನೆ ಅಂತ ಮುಚ್ಚಳಿಕೆಯನ್ನೂ ಬರೆದುಕೊಡಬೇಕು. ಅವರಿಗೆ ದೂರು ಸರಿ ಅನ್ನಿಸಿದರೆ 36 ಗಂಟೆಯೊಳಗೆ ಆ ಲಿಂಕ್ ತಡೆಯಬೇಕು. 21 ದಿನದೊಳಗೆ ನೀವು ಕೋರ್ಟ್ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು. ದಾವೆಗೆ ದೆಹಲಿಗೆ ಹೋಗಬೇಕಿಲ್ಲ. 62ನೇ ಸೆಕ್ಷನ್ ಪ್ರಕಾರ ನೀವು ವಾಸ ಇರುವ ಜಿಲ್ಲೆಯ ಕೋರ್ಟಿನಲ್ಲೇ ಹಾಕಬಹುದು.

ಗದಗ ಗೆಳೆಯ
ಚಾನೆಲ್ ನಡೆಸುವವನ ಹೆಸರೇ ಗೊತ್ತಿಲ್ಲ. ಯಾರ ಮೇಲೆ ಕೇಸ್ ಹಾಕೋದು ಸರ್?

ಹುಬ್ಬಳ್ಳಿ ವಕೀಲ
ಅದಕ್ಕೂ ದಾರಿ ಆಗಿದೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಪಾಠ ಮಾಡುವ, ಪುಸ್ತಕ ಬರೆಯುವ ನೀತು ಸಿಂಗ್ ಅವರು ಟೆಲಿಗ್ರಾಂ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಗಿದ್ದರು. ಒಂದು ಚಾನೆಲ್ ತೆಗೆಸಿದರೆ ಇನ್ನೊಂದು ಹುಟ್ಟುತ್ತಿತ್ತು. ನಮ್ಮ ಸರ್ವರ್ ಸಿಂಗಾಪುರದಲ್ಲಿದೆ, ಅಲ್ಲಿನ ಕಾನೂನಿನ ಪ್ರಕಾರ ಬಳಕೆದಾರರ ವಿವರ ಕೊಡಲು ಬರುವುದಿಲ್ಲ ಅಂತ ಟೆಲಿಗ್ರಾಂ ವಾದಿಸಿತು. ಕೋರ್ಟ್ ಒಪ್ಪಲಿಲ್ಲ. 2022ರ ಆಗಸ್ಟ್ 30ರಂದು ಆ ಚಾನೆಲ್‌ಗಳ ಹಿಂದೆ ಇರುವವರ ಫೋನ್ ನಂಬರ್, ಐಪಿ ವಿಳಾಸ ಕೊಡಿ ಅಂತ ಆದೇಶ ಮಾಡಿತು. ಅವರು ಕೊಟ್ಟರು ಕೂಡ. 63ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ ಇದೆ. ಡಿಆರ್‌ಎಂ ಮುರಿದರೆ 2012ರ ತಿದ್ದುಪಡಿಯಲ್ಲಿ ಬಂದ 65ಎ ಸೆಕ್ಷನ್‌ನ ಶಿಕ್ಷೆ ಬೇರೆ.

ಹಾಸನದ ಹುಡುಗಿ
ವಾಟರ್‌ಮಾರ್ಕ್ ಬಗ್ಗೆ ಒಂದು ಮಾತು. ದಯವಿಟ್ಟು ಫೋನ್ ನಂಬರ್ ಹಾಕಬೇಡಿ. ನಾನು ಸೇರಿದ್ದ ಒಂದು ಕೋರ್ಸ್‌ನಲ್ಲಿ ಪರದೆ ಮೇಲೆ ನನ್ನ ಹೆಸರು, ನಂಬರ್ ಎರಡೂ ಓಡಾಡುತ್ತಿದ್ದವು. ಲೈಬ್ರರಿಯಲ್ಲಿ ಕೂತು ನೋಡುತ್ತಿದ್ದೆ. ಹಿಂದೆ ಕೂತವನೊಬ್ಬ ನಂಬರ್ ಬರೆದುಕೊಂಡು ರಾತ್ರಿ ಮೆಸೇಜ್ ಮಾಡಲು ಶುರು ಮಾಡಿದ. ಕೊನೆಗೆ ನಂಬರ್ ಬದಲಿಸಿದೆ. ಅದೇ ನಂಬರನ್ನು ಬ್ಯಾಂಕಿಗೆ, ಪರೀಕ್ಷೆ ಅರ್ಜಿಗೆ ಎಲ್ಲ ಕೊಟ್ಟಿದ್ದೆ. ಎಲ್ಲ ಕಡೆ ಬದಲಿಸಲು ಪಟ್ಟ ಪಾಡು ನನಗೇ ಗೊತ್ತು. ನಾವು ಕಳ್ಳರಲ್ಲ, ಫೀ ಕಟ್ಟಿದವರು.

ಸಪ್ತಾಪುರ ಟೀಚರ್
ಇದು ನನಗೆ ಹೊಳೆದೇ ಇರಲಿಲ್ಲ ಪುಟ್ಟಿ. ಹೇಳಿದ್ದು ಒಳ್ಳೆಯದಾಯಿತು.

ಕೋಡ್ ಕಟ್ಟೆ
ಅಕ್ಕ ಹೇಳಿದ್ದು ಸರಿ. ನನ್ನ ಸಲಹೆ ತಿದ್ದಿಕೊಳ್ಳುತ್ತೇನೆ. ನಂಬರ್ ಬದಲು ಆರು ಅಕ್ಷರದ ಕೋಡ್ ಹಾಕಿ. ಯಾವ ಕೋಡ್ ಯಾರದ್ದು ಅನ್ನುವ ಪಟ್ಟಿ ಮೇಡಂ ಹತ್ತಿರ ಮಾತ್ರ ಇರಲಿ. ಪಿಡಿಎಫ್‌ಗೂ ಅದೇ ಕೋಡ್ ಸಾಕು, ಪ್ರತಿ ಪುಟದ ಹಿಂದೆ ತೆಳುವಾಗಿ.

ಗದಗ ಗೆಳೆಯ
ಇನ್ನೊಂದು ಐಡಿಯಾ. ಪ್ರತಿ ಬ್ಯಾಚಿನ ನೋಟ್ಸ್‌ನಲ್ಲಿ ಒಂದೊಂದು ಸಣ್ಣ ತಪ್ಪು ಇಸವಿ ಹಾಕಿ. ಲೀಕ್ ಆದದ್ದರಲ್ಲಿ ಯಾವ ತಪ್ಪಿದೆ ನೋಡಿದರೆ ಯಾವ ಬ್ಯಾಚ್ ಅಂತ ಸಿಗುತ್ತದೆ.

ಸಪ್ತಾಪುರ ಟೀಚರ್
ಅದು ಮಾತ್ರ ಆಗದು. ಫೀ ಕಟ್ಟಿದ ಹುಡುಗಿ ಆ ತಪ್ಪು ಇಸವಿಯನ್ನು ಬಾಯಿಪಾಠ ಮಾಡಿ, ಒಂದು ಅಂಕದಲ್ಲಿ ಹೋದರೆ? ನೋಟ್ಸ್‌ನಲ್ಲಿ ಗೊತ್ತಿದ್ದೂ ತಪ್ಪು ಬರೆಯಲಾರೆ. ಕದ್ದು ಓದುವವನಿಗೂ ತಪ್ಪು ಕಲಿಸಲಾರೆ.

ಗದಗ ಗೆಳೆಯ
ಒಪ್ಪಿದೆ ಮೇಡಂ. ನಾನು ಆ ಕಡೆಯಿಂದ ಯೋಚಿಸಿರಲಿಲ್ಲ.

ಶಿರಸಿ ಪಿಯು ಮೇಷ್ಟ್ರು
ತಪ್ಪು ಬೇಡ, ಉದಾಹರಣೆ ಬದಲಿಸಿ. ಒಂದು ಬ್ಯಾಚಿಗೆ ಸಂತೆಯ ಉದಾಹರಣೆ, ಇನ್ನೊಂದಕ್ಕೆ ಜಾತ್ರೆಯದು. ವಿಷಯ ಅದೇ, ಗುರುತು ಬೇರೆ.

ಬೆಳಗಾವಿ ಟೈಪಿಸ್ಟ್
ನಾನು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿಕೊಡುತ್ತೇನೆ. ಅದನ್ನು ಕಾಪಿ ಪೇಸ್ಟ್ ಮಾಡಿದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ. ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಇದಕ್ಕಿಂತ ರಕ್ಷಣೆ ಬೇಕಾ? ಇನ್ನೂ ಬೇಕಾದರೆ ಪುಟಗಳನ್ನೆಲ್ಲ ಚಿತ್ರ ಮಾಡಿ ಹಾಕಿ.

ಕೋಡ್ ಕಟ್ಟೆ
ಅದನ್ನು ಯುನಿಕೋಡಿಗೆ, ಅಂದರೆ ಎಲ್ಲ ಯಂತ್ರಗಳೂ ಕನ್ನಡ ಅಂತ ಗುರುತಿಸುವ ರೂಪಕ್ಕೆ, ಬದಲಿಸುವ ಪರಿವರ್ತಕಗಳು ಬಿಟ್ಟಿ ಸಿಗುತ್ತವೆ. ಎರಡು ನಿಮಿಷದ ಕೆಲಸ. ಚಿತ್ರ ಮಾಡಿದರೆ ಅದರಲ್ಲಿರುವ ಅಕ್ಷರ ಗುರುತಿಸಿ ಬರಹ ಮಾಡಿಕೊಡುವ ಓಸಿಆರ್ ಇದೆ.

ಕಿವಿಯಿಂದ ಓದುವವ
ಇಲ್ಲಿ ನಾನು ಮಾತಾಡಲೇಬೇಕು. ನನಗೆ ಕಣ್ಣು ಕಾಣುವುದಿಲ್ಲ. ಪರದೆ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್ ಇವೆ, ಫೋನಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಅವನ್ನು ಹಾಕಿಕೊಂಡು ಕೇಳಿ ಓದುತ್ತೇನೆ. ಹಳೇ ನುಡಿಯ ಪಿಡಿಎಫ್ ತೆರೆದರೆ ಯಂತ್ರ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕಿರುಚುತ್ತದೆ. ಚಿತ್ರದ ಪಿಡಿಎಫ್ ಆದರೆ ಮೌನ. ನೀವು ರಕ್ಷಣೆ ಅನ್ನುವುದು ನನಗೆ ಮುಚ್ಚಿದ ಬಾಗಿಲು. ಕಳ್ಳನಿಗೆ ಎರಡು ನಿಮಿಷದ ಕೆಲಸ, ನನಗೆ ಕೋರ್ಸೇ ಇಲ್ಲ.

ಕಾನೂನಿನಲ್ಲೂ ನಮಗೆ ಜಾಗ ಇದೆ. 2012ರ ತಿದ್ದುಪಡಿಯಲ್ಲಿ ಅಂಗವಿಕಲರಿಗೆ ಓದಲು ಬರುವ ರೂಪಕ್ಕೆ ಕೃತಿಯನ್ನು ಬದಲಿಸಲು ಅವಕಾಶ ಕೊಟ್ಟಿದ್ದಾರೆ. 2013ರ ಮರಾಕೇಶ್ ಒಪ್ಪಂದ ಇದಕ್ಕಾಗಿಯೇ ಆದದ್ದು. ಅದಕ್ಕೆ ಮೊದಲು ಅನುಮೋದನೆ ಕೊಟ್ಟ ದೇಶ ಭಾರತ, 2014ರಲ್ಲಿ. ಆದರೂ ನಾನು ಪ್ರತಿ ಸಲ ಯಾರನ್ನಾದರೂ ಬೇಡಬೇಕು.

ಬೆಳಗಾವಿ ಟೈಪಿಸ್ಟ್
ಕ್ಷಮಿಸಿ ಸರ್. ಇಪ್ಪತ್ತು ವರ್ಷದಿಂದ ಟೈಪ್ ಮಾಡುತ್ತಿದ್ದೇನೆ, ಇದನ್ನು ಯಾರೂ ಹೇಳಿರಲಿಲ್ಲ. ಯುನಿಕೋಡಿನಲ್ಲಿ ಟೈಪ್ ಮಾಡಿದರೆ ನಿಮ್ಮ ಫೋನ್ ಸರಿಯಾಗಿ ಓದುತ್ತದಾ?

ಕಿವಿಯಿಂದ ಓದುವವ
ಚೆನ್ನಾಗಿ ಓದುತ್ತದೆ. ವರ್ಡ್ ಫೈಲ್ ಇದ್ದರೆ ಇನ್ನೂ ಒಳ್ಳೆಯದು.

ಮಲೆನಾಡ ಮಳೆ
ಮೇಡಂ, ಬೇಜಾರಾಗಬೇಡಿ, ಒಂದು ಪ್ರಶ್ನೆ. ನಿಮ್ಮ ಡೆಮೊ ಪಾಠದಲ್ಲಿ ಬಾದಾಮಿ ಗುಹೆಯ ಫೋಟೋ, ನಕ್ಷೆ ಎಲ್ಲ ನೋಡಿದೆ. ಅವು ನೀವೇ ಮಾಡಿದ್ದಾ?

ಸಪ್ತಾಪುರ ಟೀಚರ್
ಇಲ್ಲ. ಗೂಗಲ್‌ನಲ್ಲಿ ಹುಡುಕಿ ಹಾಕಿಕೊಂಡಿದ್ದು. ನಕ್ಷೆ ಒಂದು ಹಳೆಯ ಪುಸ್ತಕದಿಂದ ಸ್ಕ್ಯಾನ್ ಮಾಡಿದ್ದು. ಪ್ರಶ್ನೆ ಓದಿದ ಮೇಲೆ ಸುಮಾರು ಹೊತ್ತು ಸುಮ್ನೆ ಕೂತೆ. ನನ್ನ ಕೋರ್ಸ್ ಕದ್ದರು ಅಂತ ಅತ್ತವಳು ನಾನು. ಆ ಫೋಟೋ ತೆಗೆದವರ ಹೆಸರು ಕೂಡ ನೋಡಿರಲಿಲ್ಲ. ಅದು ನನ್ನ ತಪ್ಪು.

ಹುಬ್ಬಳ್ಳಿ ವಕೀಲ
ಒಪ್ಪಿಕೊಂಡಿದ್ದು ದೊಡ್ಡ ಮಾತು. ಬಾದಾಮಿ ಮೂರನೇ ಗುಹೆಯಲ್ಲಿ 578ರ ಶಾಸನ ಇದೆ. ಆ ಗುಹೆಗೆ ಕಾಪಿರೈಟ್ ಇಲ್ಲ, ಫೋಟೋಗೆ ಇರುತ್ತದೆ. ಹಾಗೆಯೇ ಆ ಶಾಸನದ ಚಾಲುಕ್ಯ ಮಂಗಳೇಶ ಯಾರ ತಮ್ಮ ಅನ್ನುವ ಸಂಗತಿ ಯಾರ ಸೊತ್ತೂ ಅಲ್ಲ. ಅದನ್ನು ನೀವು ವಿವರಿಸಿದ ರೀತಿ, ಜೋಡಿಸಿದ ಕ್ರಮ ನಿಮ್ಮದು. ವಿಕಿಮೀಡಿಯ ಕಾಮನ್ಸ್‌ನಲ್ಲಿ ಬಾದಾಮಿಯ ಬೇಕಾದಷ್ಟು ಫೋಟೋ ಇವೆ. ತೆಗೆದವರ ಹೆಸರು, ಪರವಾನಗಿ ಕೆಳಗೆ ಬರೆದು ಬಳಸಿ. ಕೋರ್ಟಿಗೆ ಹೋಗುವ ಮೊದಲೇ ಇದನ್ನು ಸರಿ ಮಾಡಿ, ಎದುರಿನವರು ಮೊದಲು ಹಿಡಿಯುವುದೇ ಇದನ್ನು.

ಇನ್ನೊಂದು. ಇದರಲ್ಲಿ ಯಾವುದಾದರೂ ಪಾಠ ನೀವು ಬೇರೆ ಸೆಂಟರಿನಲ್ಲಿ ಸಂಬಳಕ್ಕೆ ಇದ್ದಾಗ ಅವರಿಗಾಗಿ ಮಾಡಿದ್ದಾ? 17ನೇ ಸೆಕ್ಷನ್ ಪ್ರಕಾರ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಕರಾರು ಇಲ್ಲದಿದ್ದರೆ, ಕೆಲಸ ಕೊಟ್ಟವರದ್ದು.

ಸಪ್ತಾಪುರ ಟೀಚರ್
ಇಲ್ಲ ಸರ್, ಕೆಲಸ ಬಿಟ್ಟ ಮೇಲೇ ಶುರು ಮಾಡಿದ್ದು.

ಬಳ್ಳಾರಿ ಹುಡುಗ
ನಾನೂ ಒಂದು ಎಚ್ಚರಿಕೆ ಹೇಳುತ್ತೇನೆ. ನನ್ನ ರೂಮ್‌ಮೇಟ್ ಇಂಥ ಚಾನೆಲ್‌ಗೆ 199 ಕಳಿಸಿದ. ಫೈಲ್ ಕೊಡದೆ ಬ್ಲಾಕ್ ಮಾಡಿದರು. ಇನ್ನೊಬ್ಬನಿಗೆ ಎಪಿಕೆ, ಅಂದರೆ ಆ್ಯಪ್ ಫೈಲ್, ಕಳಿಸಿ ಇನ್‌ಸ್ಟಾಲ್ ಮಾಡಿಕೋ ಅಂದರು. ಅದು ಎಸ್‌ಎಂಎಸ್ ಓದುವ ಪರ್ಮಿಷನ್ ಕೇಳಿತು. ಅವನು ಕೊಡಲಿಲ್ಲ, ಬಚಾವಾದ. ಒಟಿಪಿ ಎಲ್ಲ ಅಲ್ಲೇ ಬರುತ್ತವಲ್ಲ. ದುಡ್ಡು ಹೋದವರು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಝೆರಾಕ್ಸ್ ವಿಜಯನಗರ
ಪುಟದ ಮೇಲೆ ಕೋಡ್, ಮತ್ತು ಮಾರಾಟಕ್ಕಲ್ಲ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದಿದ್ದರೆ ನಾವೂ ಒಂದು ಪ್ರತಿಗಿಂತ ಜಾಸ್ತಿ ಮಾಡುವುದಿಲ್ಲ. ನಮ್ಮ ಅಂಗಡಿಯಲ್ಲಿ ಹತ್ತು ಹತ್ತು ಸೆಟ್ ಕೇಳುವವರನ್ನು ಇನ್ನು ಮೇಲೆ ವಾಪಸ್ ಕಳಿಸುತ್ತೇನೆ.

ಸಪ್ತಾಪುರ ಟೀಚರ್
ಮೂರು ವಾರ ಆಯಿತು. ಏನಾಯಿತು ಅಂತ ಹೇಳುತ್ತೇನೆ.

ವಕೀಲ ಸರ್ ಹೇಳಿದಂತೆ ದೂರು ಕಳಿಸಿದೆ. ಮೂರನೇ ದಿನ ಚಾನೆಲ್ ಹೋಯಿತು. ಒಂದು ವಾರದಲ್ಲಿ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಇನ್ನೊಂದು ಬಂತು. ಅದಕ್ಕೂ ಕಳಿಸಿದ್ದೇನೆ. ಹುಬ್ಬಳ್ಳಿಗೆ ಹೋಗಿ ದಾವೆಯ ಕಾಗದ ಸಿದ್ಧ ಮಾಡಿಸುತ್ತಿದ್ದೇನೆ.

ಲೀಕ್ ಎಲ್ಲಿಂದ ಆಯಿತು ಅಂತಲೂ ಸಿಕ್ಕಿತು. ಮೊದಲ ಬ್ಯಾಚಿನ ನೋಟ್ಸ್‌ನಲ್ಲಿ 112ನೇ ಪುಟ ಎರಡು ಸಲ ಬಂದಿತ್ತು. ಆಮೇಲೆ ಸರಿ ಮಾಡಿದ್ದೆ. ಕದ್ದ ಪ್ರತಿಯಲ್ಲಿ ಆ ಪುಟ ಎರಡು ಸಲ ಇದೆ. ಮೊದಲ ಬ್ಯಾಚಿನಲ್ಲಿದ್ದವರು 38 ಜನ. ಎಲ್ಲರಿಗೂ ಒಂದು ಮೆಸೇಜ್ ಹಾಕಿದೆ, ಬೈಯದೆ. ನಾಲ್ಕನೇ ದಿನ ಒಬ್ಬ ಹುಡುಗ ಫೋನ್ ಮಾಡಿ ಅತ್ತ. ಪಿಜಿಯಲ್ಲಿ ಐದು ಜನ ತಲಾ ಮುನ್ನೂರು ಹಾಕಿ ಒಂದು ಕೋರ್ಸ್ ತೆಗೆದುಕೊಂಡಿದ್ದರಂತೆ. ಆ ಐವರಲ್ಲಿ ಒಬ್ಬ ರೂಮ್ ಬಿಟ್ಟು ಹೋಗುವಾಗ ಎಲ್ಲವನ್ನೂ ಮಾರಿದ್ದಾನೆ. ಫೋನ್ ಮಾಡಿದ ಹುಡುಗನ ಮೇಲೆ ನಾನು ಏನೂ ಮಾಡುವುದಿಲ್ಲ. ಮಾರಿದವನ ವಿಷಯ ವಕೀಲರಿಗೆ ಬಿಟ್ಟಿದ್ದೇನೆ.

ಮುಂದಿನ ಬ್ಯಾಚಿನಿಂದ ವಿಡಿಯೋ ಆ್ಯಪ್‌ನಲ್ಲಿ, ಕೋಡ್ ಜೊತೆ. ಐದು ಜನ ಸೇರಿ ಬಂದರೆ ತಲಾ 400 ರೂಪಾಯಿ, ಐವರಿಗೂ ಬೇರೆ ಬೇರೆ ಲಾಗಿನ್. ವಾರಕ್ಕೊಮ್ಮೆ ಲೈವ್ ಕ್ಲಾಸ್, ಅವರು ಬರೆದ ಉತ್ತರ ನಾನೇ ತಿದ್ದುತ್ತೇನೆ. ಅದನ್ನು ಯಾವ ಚಾನೆಲ್ಲೂ ಮಾರಲಾರದು. ಬೇರೆಯವರ ಫೋಟೋಗಳನ್ನೆಲ್ಲ ತೆಗೆದೆ. ಬಾದಾಮಿಗೆ ನಾನೇ ಹೋಗಿ ಬಂದೆ. ಬಳ್ಳಾರಿ ತಮ್ಮಾ, ನಿನ್ನ ರೂಮಿನವರನ್ನು ಕೂಡಿಸಿಕೊಂಡು ಬಾ.

ಬಳ್ಳಾರಿ ಹುಡುಗ
ನಾಲ್ಕು ಜನ ಆಗಿದ್ದೇವೆ ಮೇಡಂ. ಐದನೆಯವನನ್ನು ಹುಡುಕುತ್ತಿದ್ದೇನೆ.

ಹಾಸನದ ಹುಡುಗಿ
ಐದನೆಯವಳು ನಾನಾಗಬಹುದಾ? ಲಾಗಿನ್ ಬೇರೆ ಬೇರೆ ಅಂದಿರಲ್ಲ.

ಕಿವಿಯಿಂದ ಓದುವವ
ಮೇಡಂ ಕಳಿಸಿದ ಯುನಿಕೋಡ್ ಫೈಲ್ ಪೂರ್ತಿ ಕೇಳಿದೆ. 310 ಪುಟ, ಎರಡು ದಿನ. ಚೆನ್ನಾಗಿ ಓದುತ್ತದೆ. ಕದಂಬರ ವಂಶಾವಳಿ ಇರುವ ಕೋಷ್ಟಕ ಒಂದನ್ನು ಮಾತ್ರ ಅಡ್ಡಡ್ಡ ಓದಿ ತಂದೆ ಮಗನನ್ನು ಬೆರೆಸುತ್ತಿದೆ. ಅದನ್ನು ಸಾಲು ಸಾಲಾಗಿ ಬರೆದುಕೊಡುತ್ತೀರಾ?

ಸಪ್ತಾಪುರ ಟೀಚರ್
ಇವತ್ತು ರಾತ್ರಿಯೇ ಕಳಿಸುತ್ತೇನೆ ಸರ್.